ಬಿಭಾ ನಕ್ಷತ್ರದ ಅಳತೆ: ಕಲಬುರಗಿಯ ಒಂದು ವಿದ್ಯಾರ್ಥಿ ಯೋಜನೆಯ ಪ್ರಕರಣ ಅಧ್ಯಯನ

ಹಿನ್ನೆಲೆ

ಕಲಬುರಗಿ ನಗರದ ಒಂದು ಪದವಿ ಕಾಲೇಜಿನ ಭೌತಶಾಸ್ತ್ರ ವಿಭಾಗದಲ್ಲಿ ಅಂತಿಮ ವರ್ಷದ ಒಬ್ಬ ವಿದ್ಯಾರ್ಥಿನಿ ಮತ್ತು ಒಬ್ಬ ವಿದ್ಯಾರ್ಥಿ ಕೂಡಿ ಮಾಡಿದ ಯೋಜನಾ ಕಾರ್ಯದ ದಾಖಲೆ ಇದು. ಯೋಜನೆಯ ಆಂತರಿಕ ಪರಿಶೀಲನೆಗೆ ಕುಳಿತವರಲ್ಲಿ ಈ ಲೇಖಕನೂ ಒಬ್ಬ. ಕಾಲೇಜಿನ ಹೆಸರು, ಅವಲೋಕನ ನಡೆದ ಹಳ್ಳಿಯ ಹೆಸರು ಮತ್ತು ಸಂಬಂಧಪಟ್ಟವರ ಗುರುತುಗಳನ್ನು ಬಿಟ್ಟಿದ್ದೇನೆ. ನಕ್ಷತ್ರದ ಹೆಸರನ್ನು ಮಾತ್ರ ಮರೆಮಾಚಿಲ್ಲ, ಏಕೆಂದರೆ ಓದಿದವರು ತಾವೇ ಲೆಕ್ಕ ಹಾಕಿ ನೋಡಬೇಕೆಂಬುದು ಈ ಬರವಣಿಗೆಯ ಉದ್ದೇಶ.

ಅವರು ಆರಿಸಿಕೊಂಡದ್ದು ಎಚ್‌ಡಿ 86081 ಎಂಬ ನಕ್ಷತ್ರವನ್ನು. 2019ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟವು ಪ್ರತಿಯೊಂದು ದೇಶಕ್ಕೂ ಗ್ರಹವಿರುವ ಒಂದು ನಕ್ಷತ್ರಕ್ಕೆ ಹೆಸರಿಡುವ ಅವಕಾಶ ಕೊಟ್ಟಾಗ ಭಾರತದ ಪಾಲಿಗೆ ಬಂದದ್ದು ಇದೇ. ಕಣ ಭೌತವಿಜ್ಞಾನಿ ಬಿಭಾ ಚೌಧುರಿ (1913–1991) ಅವರ ನೆನಪಿಗೆ ಇದನ್ನು ಬಿಭಾ ಎಂದೂ, ಇದರ ಗ್ರಹವನ್ನು ಸಂತಮಸ ಎಂದೂ ಕರೆಯಲಾಯಿತು. ನಮ್ಮ ಕೋಲಾರದ ಚಿನ್ನದ ಗಣಿಯ ಆಳದಲ್ಲಿ ನಡೆದ ಪ್ರಯೋಗಗಳೊಡನೆಯೂ ಆಕೆಗೆ ನಂಟಿತ್ತು ಎಂಬ ಸಂಗತಿ ವಿದ್ಯಾರ್ಥಿನಿಯ ಆಯ್ಕೆಗೆ ಒಂದು ಕಾರಣವಾಗಿತ್ತು.

ಬಿಭಾದ ತೋರಿಕೆಯ ಕಾಂತಿಮಾನ (ನಮ್ಮ ಕಣ್ಣಿಗೆ ಕಾಣುವ ಪ್ರಕಾಶದ ಅಳತೆ; ಸಂಖ್ಯೆ ಹೆಚ್ಚಿದಷ್ಟೂ ನಕ್ಷತ್ರ ಮಂಕು) 8.73. ಬರಿಗಣ್ಣಿನ ಮಿತಿಯಾದ 6ನ್ನು ಇದು ದಾಟಿರುವುದರಿಂದ ದುರ್ಬೀನು ಇಲ್ಲವೇ ಕ್ಯಾಮೆರಾ ಇಲ್ಲದೆ ಕಾಣುವುದಿಲ್ಲ. ಇದಿರುವುದು ಸೆಕ್ಸ್‌ಟನ್ಸ್ ಎಂಬ ಮಂಕು ನಕ್ಷತ್ರಪುಂಜದಲ್ಲಿ, ಮಘಾ ನಕ್ಷತ್ರದಿಂದ ಹೆಚ್ಚುಕಡಿಮೆ ನೇರ ದಕ್ಷಿಣಕ್ಕೆ 16 ಡಿಗ್ರಿ ದೂರದಲ್ಲಿ. ಆಕಾಶದ ವಿಷುವದ್ವೃತ್ತಕ್ಕೆ ಹತ್ತಿರವಿರುವ ಕಾರಣ ಕಲಬುರಗಿಯಲ್ಲಿ ಇದು ನೆತ್ತಿಯ ರೇಖೆಯನ್ನು ದಾಟುವಾಗ ದಕ್ಷಿಣ ದಿಗಂತದಿಂದ ಸುಮಾರು 69 ಡಿಗ್ರಿ ಎತ್ತರದಲ್ಲಿರುತ್ತದೆ. ಮಾರ್ಚ್ ಕೊನೆಗೆ ರಾತ್ರಿ ಹತ್ತರ ಸುಮಾರಿಗೆ ಆ ಎತ್ತರಕ್ಕೆ ಬರುತ್ತದೆ. ಪರೀಕ್ಷೆಯ ಮುಂಚಿನ ತಿಂಗಳುಗಳು, ಮೋಡವಿಲ್ಲದ ಆಕಾಶ, ಮಲಗುವ ಹೊತ್ತಿಗೆ ಮುಗಿಯುವ ಕೆಲಸ: ಆಯ್ಕೆಯಲ್ಲಿ ತಪ್ಪು ಹುಡುಕುವಂತಿರಲಿಲ್ಲ.

ಯೋಜನೆಯ ಗುರಿ ಸರಳವಾಗಿತ್ತು: ನಕ್ಷತ್ರದ ತಾಪ, ದೀಪ್ತಿ (ಪ್ರತಿ ಕ್ಷಣ ಅದು ಸೂಸುವ ಒಟ್ಟು ಶಕ್ತಿ), ತ್ರಿಜ್ಯ, ದ್ರವ್ಯರಾಶಿ ಮತ್ತು ಸಾಧ್ಯವಾದರೆ ವಯಸ್ಸನ್ನು ಅಂದಾಜು ಮಾಡುವುದು. ನಕ್ಷತ್ರಗಳ ಸೂಚಿಗಳಲ್ಲಿ (ಕ್ಯಾಟಲಾಗ್) ಬಿಭಾವನ್ನು ಎಫ್8 ರೋಹಿತ ವರ್ಗದ (ಬೆಳಕನ್ನು ಬಣ್ಣಗಳಾಗಿ ಬಿಡಿಸಿ ನೋಡಿ ಮಾಡಿದ ವಿಂಗಡಣೆ) ಮುಖ್ಯ ಶ್ರೇಣಿಯ ನಕ್ಷತ್ರವೆಂದು, ಅಂದರೆ ಹಳದಿ ಬೆರೆತ ಬಿಳಿ ನಕ್ಷತ್ರಗಳ ಸಾಲಿನ ಕೊನೆಯ ಭಾಗಕ್ಕೆ ಸೇರಿದ್ದೆಂದು ಕೊಟ್ಟಿದೆ. ಈ ಸಾಲಿನವು ಸೂರ್ಯನಿಗಿಂತ ಸ್ವಲ್ಪ ಬಿಸಿ, ಸ್ವಲ್ಪ ಭಾರ. ಒಡಲಿನಲ್ಲಿ ಸೂರ್ಯನಂತೆಯೇ ಹೈಡ್ರೋಜನ್ನನ್ನು ಹೀಲಿಯಂ ಆಗಿಸುತ್ತಿರುವಂಥವು.

ಸಮಸ್ಯೆ

ಮೊದಲ ಕರಡು ವರದಿ ಬೇಗನೆ ಸಿದ್ಧವಾಯಿತು. ಎಫ್8 ವರ್ಗದ ಸಾಮಾನ್ಯ ಮುಖ್ಯ ಶ್ರೇಣಿ ನಕ್ಷತ್ರಕ್ಕೆ ಪಠ್ಯದ ಪಟ್ಟಿಯಲ್ಲಿರುವ ಬೆಲೆಗಳು ಹೀಗಿವೆ: ತಾಪ ಸುಮಾರು 6,150 ಕೆಲ್ವಿನ್, ದ್ರವ್ಯರಾಶಿ ಮತ್ತು ತ್ರಿಜ್ಯ ಎರಡೂ ಸೂರ್ಯನ ಸುಮಾರು 1.2 ಪಟ್ಟು, ದೀಪ್ತಿ ಸುಮಾರು ಎರಡು ಪಟ್ಟು. ವಿದ್ಯಾರ್ಥಿ ಇವನ್ನೇ ಫಲಿತಾಂಶದ ಕೋಷ್ಟಕದಲ್ಲಿ ಬರೆದು, ಅದರ ಕೆಳಗೆ ತಮ್ಮ ಅವಲೋಕನದ ಅಂಕಿಗಳನ್ನು ಸಮರ್ಥನೆಯಾಗಿ ಸೇರಿಸಲು ಜಾಗ ಬಿಟ್ಟಿದ್ದ.

ಆ ಜಾಗ ತುಂಬಲು ಹೋದಾಗ ಗಂಟು ಬಿತ್ತು. ಇಬ್ಬರೂ ಸೇರಿ ಕ್ಯಾಮೆರಾದಿಂದ ಅಳೆದ ಬಿ–ವಿ ವರ್ಣಾಂಕ (ನೀಲಿ ಮತ್ತು ಹಳದಿ-ಹಸಿರು ಬೆಳಕಿನಲ್ಲಿ ಅಳೆದ ಕಾಂತಿಮಾನಗಳ ವ್ಯತ್ಯಾಸ; ಹೆಚ್ಚಿದಷ್ಟೂ ನಕ್ಷತ್ರ ಕೆಂಪು) 0.65ರ ಆಸುಪಾಸಿನಲ್ಲಿ ಬಂತು. ಅದು ಸೂರ್ಯನ ವರ್ಣಾಂಕ. ಎಫ್8 ನಕ್ಷತ್ರದ್ದು 0.53ರ ಸುಮಾರಿಗೆ ಇರಬೇಕು. ನೇರವಾಗಿ ಓದಿದರೆ ತಾಪ 5,800 ಕೆಲ್ವಿನ್ನಿಗೆ ಇಳಿಯುತ್ತದೆ. ಸೂರ್ಯನಷ್ಟೇ ಬಿಸಿಯಿದ್ದರೆ ದೀಪ್ತಿಯೂ ಸೂರ್ಯನ ಹತ್ತಿರವೇ ಇರಬೇಕಲ್ಲವೇ? ದೂರವನ್ನು ಹಾಕಿ ಲೆಕ್ಕ ಮಾಡಿದರೆ ಅದು ಇನ್ನೊಂದು ದಿಕ್ಕಿಗೆ ಹೋಯಿತು. ಗಯಾ ಉಪಗ್ರಹ ಅಳೆದ ಪ್ಯಾರಲಾಕ್ಸ್ (ಭೂಮಿ ಸೂರ್ಯನನ್ನು ಸುತ್ತುವಾಗ ನಕ್ಷತ್ರ ಸರಿದಂತೆ ಕಾಣುವ ಕೋನ) ಪ್ರಕಾರ ಬಿಭಾ ಸುಮಾರು 104 ಪಾರ್ಸೆಕ್, ಅಂದರೆ 340 ಜ್ಯೋತಿರ್ವರ್ಷ ದೂರದಲ್ಲಿದೆ. ಅದರಿಂದ ಬರುವ ನಿರಪೇಕ್ಷ ಕಾಂತಿಮಾನ (10 ಪಾರ್ಸೆಕ್ ದೂರದಿಂದ ನೋಡಿದರೆ ಕಾಣುವ ಕಾಂತಿಮಾನ) 3.64. ಸೂರ್ಯನದು 4.8. ಈ ಅಂತರವನ್ನು ದೀಪ್ತಿಗೆ ತಿರುಗಿಸಿ, ಕಣ್ಣಿಗೆ ಕಾಣದ ವಿಕಿರಣಕ್ಕೆ ಸಣ್ಣ ತಿದ್ದುಪಡಿ ಮಾಡಿದರೆ ಸೂರ್ಯನ 2.9 ಪಟ್ಟು ಬರುತ್ತದೆ.

ಹೀಗೆ ಬಣ್ಣವು ನಕ್ಷತ್ರವನ್ನು ಪಟ್ಟಿಗಿಂತ ಕೆಳಕ್ಕೆ ಎಳೆದರೆ, ಬೆಳಕು ಮೇಲಕ್ಕೆ ಎಳೆಯಿತು. ವಿದ್ಯಾರ್ಥಿನಿ ಮಾರ್ಗದರ್ಶಕಿಯ ಮುಂದೆ ಇಟ್ಟ ಪ್ರಶ್ನೆ ನನಗೆ ಇನ್ನೂ ನೆನಪಿದೆ: "ಮೇಡಂ, ಬಣ್ಣ ನೋಡಿದ್ರ ಸೂರ್ಯನಂಗೇ ಅದರಿ, ಬೆಳಕು ನೋಡಿದ್ರ ಮೂರು ಪಟ್ಟು ಬರ್ಲತ್ತದ. ಯಾವುದು ಖರೆ ಅಂತ ಬರೀಬೇಕ್ರಿ?"

"ಎರಡೂ ಖರೆ ಅವ ಅಂತ ತಿಳ್ಕೊಂಡು ಮೊದಲ ನೋಡ್ರಿ" ಎಂದರು ಮಾರ್ಗದರ್ಶಕಿ.

ಈ ಪ್ರಕರಣದಲ್ಲಿ ತೆಗೆದುಕೊಂಡ ಅತಿ ಮುಖ್ಯ ನಿರ್ಧಾರ ಆ ಒಂದು ವಾಕ್ಯದಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಪಟ್ಟಿಗೆ ಹೊಂದದ ಅಳತೆಯನ್ನು 'ಪ್ರಾಯೋಗಿಕ ದೋಷ' ಎಂಬ ಶೀರ್ಷಿಕೆಯಡಿ ತಳ್ಳಿ ವರದಿಯನ್ನು ಬೈಂಡಿಂಗಿಗೆ ಕೊಡುವುದು ನಮ್ಮ ಕಾಲೇಜುಗಳಲ್ಲಿ ಅಪರೂಪವೇನಲ್ಲ. ಸಮಯವೂ ಕಡಿಮೆಯಿತ್ತು. ಆದರೂ ಕರಡನ್ನು ಬದಿಗಿಟ್ಟು, ಕೋಷ್ಟಕದ ಪ್ರತಿಯೊಂದು ಸಂಖ್ಯೆಯೂ ಎಲ್ಲಿಂದ ಬಂತೆಂದು ಗುರುತು ಹಾಕಲು ಮಾರ್ಗದರ್ಶಕಿ ಹೇಳಿದರು: ಅಳೆದದ್ದಕ್ಕೆ ನೀಲಿ ಶಾಯಿ, ಅಳತೆಯಿಂದ ಲೆಕ್ಕ ಹಾಕಿದ್ದಕ್ಕೆ ಹಸಿರು, ಪಟ್ಟಿಯಿಂದ ಎತ್ತಿಕೊಂಡದ್ದಕ್ಕೆ ಕೆಂಪು. ಮೊದಲ ಕರಡಿನ ಫಲಿತಾಂಶ ಪುಟದಲ್ಲಿ ಕೆಂಪಲ್ಲದೆ ಬೇರೆ ಬಣ್ಣವೇ ಇರಲಿಲ್ಲ.

ಮಾಡಿದ ಪ್ರಯತ್ನಗಳು

ಮೊದಲ ಅನುಮಾನ ಸಹಜವಾಗಿಯೇ ಕ್ಯಾಮೆರಾದ ಮೇಲೆ ಬಂತು. ಅವಲೋಕನ ನಡೆದದ್ದು ಜೇವರ್ಗಿ ಕಡೆಯ ಹಳ್ಳಿಯೊಂದರಲ್ಲಿರುವ ವಿದ್ಯಾರ್ಥಿನಿಯ ಮನೆಯ ಮಾಳಿಗೆಯ ಮೇಲೆ, ಸಾಮಾನ್ಯ ಡಿಎಸ್‌ಎಲ್‌ಆರ್ ಮತ್ತು ಟ್ರೈಪಾಡ್‌ನಿಂದ. ಮಾಳಿಗೆಗೆ ಶಹಾಬಾದ್ ಪರಸಿ ಹಾಸಿದ್ದರು. ನಮ್ಮ ಕಡೆಯ ಬೇಸಿಗೆಯಲ್ಲಿ ಹಗಲೆಲ್ಲ ಕಾದ ಪರಸಿ ರಾತ್ರಿ ಹತ್ತಾದರೂ ಅಂಗಾಲಿಗೆ ಬಿಸಿ ತಾಗುವಷ್ಟು ಶಾಖ ಬಿಡುತ್ತಿರುತ್ತದೆ. ಆ ಬಿಸಿ ಗಾಳಿ ಲೆನ್ಸಿನ ಮುಂದೆ ಮೇಲೇಳುವಾಗ ನಕ್ಷತ್ರದ ಬಿಂಬ ಅಲುಗಿ ಹರಡಿಕೊಳ್ಳುತ್ತಿತ್ತು. ಸಂವೇದಕವೂ ಕಾದು ಚಿತ್ರದಲ್ಲಿ ಸುಳ್ಳು ಚುಕ್ಕೆಗಳು ಹೆಚ್ಚುತ್ತಿದ್ದವು. ಅವರು ಟ್ರೈಪಾಡನ್ನು ಮನೆಯ ಹಿಂದಿನ ಕಣಕ್ಕೆ ಇಳಿಸಿದರು. ತೊಗರಿ ರಾಶಿ ಮುಗಿದು ಕಣ ಖಾಲಿಯಾಗಿತ್ತು, ಮಣ್ಣು ಬೇಗ ಆರುತ್ತಿತ್ತು, ಮನೆಯ ಗೋಡೆ ಬೀದಿ ದೀಪವನ್ನು ಮರೆಮಾಡುತ್ತಿತ್ತು. ಅಲ್ಲಿ ತೆಗೆದ ಚಿತ್ರಗಳಲ್ಲಿ ಬಿಂಬಗಳು ಚಿಕ್ಕದಾಗಿ ದುಂಡಗಾದವು.

ಎರಡನೆಯ ತಿದ್ದುಪಡಿ ಇನ್ನೂ ಮುಖ್ಯವಾದದ್ದು. ಗಾಳಿಯಲ್ಲಿ ತೇಲುವ ದೂಳು ನೀಲಿ ಬೆಳಕನ್ನು ಹೆಚ್ಚು ಚದುರಿಸುವುದರಿಂದ ಯಾವ ನಕ್ಷತ್ರವೂ ಇರುವುದಕ್ಕಿಂತ ಕೆಂಪಾಗಿ ಕಾಣುತ್ತದೆ. ಅದನ್ನು ಕಳೆಯಲು ಅದೇ ಚೌಕಟ್ಟಿನಲ್ಲಿರುವ, ಕಾಂತಿಮಾನ ಗೊತ್ತಿರುವ ಇನ್ನೊಂದು ನಕ್ಷತ್ರದೊಡನೆ ಹೋಲಿಸಿ ಅಳೆಯುವುದು ವಾಡಿಕೆ. ಮೊದಲಿಗೆ ಹೋಲಿಕೆಗೆ ಆರಿಸಿದ್ದ ನಕ್ಷತ್ರ ಪ್ರಕಾಶಮಾನವಾಗಿತ್ತು, ಆದರೆ ಕಿತ್ತಳೆ ಬಣ್ಣದ್ದು. ಕ್ಯಾಮೆರಾದ ನೀಲಿ ಮತ್ತು ಹಸಿರು ಶೋಧಕಗಳು (ಫಿಲ್ಟರ್) ಖಗೋಳದ ಬಿ ಮತ್ತು ವಿ ಶೋಧಕಗಳಿಗೆ ಸರಿಸಮವಲ್ಲವಾದ್ದರಿಂದ, ಬಣ್ಣದಲ್ಲಿ ದೂರವಿರುವ ನಕ್ಷತ್ರಗಳನ್ನು ಹೋಲಿಸಿದಾಗ ದೋಷ ಒಳನುಗ್ಗುತ್ತದೆ. ಬಣ್ಣದಲ್ಲಿ ಹತ್ತಿರವಿರುವ ಹಲವು ಮಂಕು ನಕ್ಷತ್ರಗಳನ್ನು ಬಳಸಿ ಮತ್ತೆ ಲೆಕ್ಕ ಮಾಡಿದರು. ಅಂಕಿಗಳ ಚೆದುರು ಕಡಿಮೆಯಾಯಿತು. ವರ್ಣಾಂಕ ಮಾತ್ರ 0.65ರ ಹತ್ತಿರವೇ ನಿಂತಿತು. ಪ್ರಕಟಿತ ಸೂಚಿಗಳ ಬೆಲೆಯೂ ಅಲ್ಲಿಯೇ ಇದೆ. ಅಲ್ಲಿಗೆ ಕ್ಯಾಮೆರಾ ನಿರಪರಾಧಿ ಎಂದು ತೀರ್ಮಾನವಾಯಿತು.

ಮುಂದಿನದು ದೂರದ ಪ್ರಶ್ನೆ. ವಿದ್ಯಾರ್ಥಿಯ ಬಳಿಯಿದ್ದ ಹಳೆಯ ಅಂಕಿಯಲ್ಲಿ, ಹಿಪ್ಪಾರ್ಕಸ್ ಉಪಗ್ರಹದ ಅಳತೆಯಿಂದ ಬಂದ ದೂರ ಸುಮಾರು 91 ಪಾರ್ಸೆಕ್ ಎಂದಿತ್ತು. ಅದನ್ನು ಹಾಕಿದರೆ ದೀಪ್ತಿ 2.2 ಪಟ್ಟಿನ ಸುಮಾರಿಗೆ ಇಳಿದು, ಪಟ್ಟಿಯ ಬೆಲೆಯ ಹತ್ತಿರ ಬರುತ್ತದೆ. ಅದನ್ನೇ ಬಳಸೋಣವೆಂದು ಅವನು ವಾದಿಸಿದ. ಮಾರ್ಗದರ್ಶಕಿ ಒಪ್ಪಲಿಲ್ಲ. ದೀಪ್ತಿಯ ಲೆಕ್ಕದಲ್ಲಿ ದೂರವನ್ನು ದೂರದಿಂದಲೇ ಗುಣಿಸಬೇಕಾಗುವುದರಿಂದ ಪ್ಯಾರಲಾಕ್ಸಿನ ಸಣ್ಣ ದೋಷವೂ ದೀಪ್ತಿಯಲ್ಲಿ ದೊಡ್ಡದಾಗುತ್ತದೆ, ಮತ್ತು ಈ ಎರಡು ಅಳತೆಗಳಲ್ಲಿ ಗಯಾದ ನಿಖರತೆ ಎಷ್ಟೋ ಪಾಲು ಹೆಚ್ಚಿನದು. ಬೇಕಾದ ಉತ್ತರ ಕೊಡುತ್ತದೆ ಎಂಬ ಕಾರಣಕ್ಕೆ ಹಳೆಯ ಅಳತೆಯನ್ನು ಆರಿಸುವುದು ಸಲ್ಲದು ಎಂಬ ಅವರ ನಿಲುವು ಸರಿಯಾದದ್ದೇ.

ಇನ್ನೆರಡು ಸಾಧ್ಯತೆಗಳು ಬೇಗ ಬಿದ್ದುಹೋದವು. ನಕ್ಷತ್ರಗಳ ನಡುವಿನ ದೂಳು ಬಿಭಾವನ್ನು ಕೆಂಪಾಗಿಸಿರಬಹುದೇ ಎಂದರೆ, ನೂರು ಪಾರ್ಸೆಕ್ಕಿನ ಆಸುಪಾಸಿನ ನಮ್ಮ ನೆರೆಹೊರೆಯಲ್ಲಿ ಅಂಥ ದೂಳು ತೀರಾ ವಿರಳ. ಜೊತೆಗೊಂದು ಕಾಣದ ನಕ್ಷತ್ರವಿದ್ದು ಬೆಳಕು ಕೂಡಿ ಬರುತ್ತಿರಬಹುದೇ ಎಂದರೆ, ಅಷ್ಟು ಬೆಳಕು ಸೇರಿಸಬೇಕಾದರೆ ಅದು ಕಡಿಮೆ ಪ್ರಕಾಶದ್ದಾಗಿರಲು ಸಾಧ್ಯವಿಲ್ಲ. 2006ರಲ್ಲಿ ಹವಾಯಿಯ ಕೆಕ್ ದೂರದರ್ಶಕದಲ್ಲಿ ಇದರ ರೋಹಿತವನ್ನು ಪದೇ ಪದೇ ಅಳೆದೇ 2.14 ದಿನಕ್ಕೊಮ್ಮೆ ಸುತ್ತುವ, ಗುರುವಿನ ಕನಿಷ್ಠ 1.5 ಪಟ್ಟು ತೂಗುವ ಗ್ರಹವನ್ನು ಪತ್ತೆಹಚ್ಚಿದ್ದು. ಗ್ರಹದ ಎಳೆತವನ್ನು ಗುರುತಿಸಿದ ಕಣ್ಣಿಗೆ ಇನ್ನೊಂದು ನಕ್ಷತ್ರದ ಗೆರೆಗಳು ಕಾಣದೆ ಉಳಿಯುವುದು ಕಷ್ಟ.

ತಿರುವು

ಆ ಗ್ರಹಶೋಧದ ವಿವರವನ್ನು ಓದುತ್ತಿದ್ದಾಗಲೇ ವಿದ್ಯಾರ್ಥಿನಿಗೆ ಬಣ್ಣದ ಒಗಟಿನ ಕೀಲಿ ಸಿಕ್ಕಿತು. ಬಿಭಾವನ್ನು ಹುಡುಕಾಟಕ್ಕೆ ಸೇರಿಸಿಕೊಂಡ ಎನ್2ಕೆ ಎಂಬ ಕಾರ್ಯಕ್ರಮವು ಲೋಹಾಂಶ ಹೆಚ್ಚಿರುವ ನಕ್ಷತ್ರಗಳನ್ನೇ ಆರಿಸುತ್ತಿತ್ತು, ಏಕೆಂದರೆ ಅಂಥವುಗಳ ಬಳಿ ದೊಡ್ಡ ಗ್ರಹಗಳಿರುವ ಸಂಭವ ಹೆಚ್ಚು. ಖಗೋಳಶಾಸ್ತ್ರದಲ್ಲಿ ಹೀಲಿಯಂಗಿಂತ ಭಾರವಾದ ಎಲ್ಲ ಧಾತುಗಳೂ ಲೋಹಗಳೇ. ಬಿಭಾದಲ್ಲಿ ಅವುಗಳ ಪ್ರಮಾಣ ಸೂರ್ಯನದಕ್ಕಿಂತ ಒಂದೂವರೆ ಪಟ್ಟು ಅಥವಾ ಇನ್ನೂ ಸ್ವಲ್ಪ ಹೆಚ್ಚು. ಕಬ್ಬಿಣ ಮುಂತಾದವುಗಳ ಹೀರಿಕೆಯ ಗೆರೆಗಳು ನೀಲಿ ಮತ್ತು ನೇರಳೆ ಭಾಗದಲ್ಲಿ ದಟ್ಟವಾಗಿರುತ್ತವೆ. ಅಲ್ಲಿ ತಡೆಹಿಡಿದ ಶಕ್ತಿ ಉದ್ದದ ಅಲೆಗಳಲ್ಲಿ ಹೊರಬೀಳುತ್ತದೆ. ಆದ್ದರಿಂದ ಒಂದೇ ತಾಪದ ಎರಡು ನಕ್ಷತ್ರಗಳಲ್ಲಿ ಲೋಹ ಹೆಚ್ಚಿರುವುದು ಕೆಂಪಗೆ ಕಾಣುತ್ತದೆ. ಬಣ್ಣ ಹೇಳಿದ 5,800 ಕೆಲ್ವಿನ್ ಸೂರ್ಯನಂಥ ಲೋಹಾಂಶವನ್ನು ನಂಬಿದ ಉತ್ತರವಾಗಿತ್ತು. ರೋಹಿತದ ಗೆರೆಗಳಿಂದ ಬಂದ ಪ್ರಕಟಿತ ತಾಪ 6,000 ಕೆಲ್ವಿನ್ನಿನ ಸುಮಾರು. ಅವರು ಅದನ್ನೇ ಸ್ವೀಕರಿಸಿ, ಕೆಂಪು ಶಾಯಿಯಲ್ಲೇ ಬರೆದರು.

ತಾಪ ಮತ್ತು ದೀಪ್ತಿ ಎರಡೂ ಕೈಯಲ್ಲಿದ್ದರೆ ಸ್ಟೀಫನ್–ಬೋಲ್ಟ್ಸ್‌ಮನ್ ನಿಯಮದಿಂದ (ದೀಪ್ತಿಯು ತ್ರಿಜ್ಯದ ವರ್ಗಕ್ಕೂ ತಾಪದ ನಾಲ್ಕನೆಯ ಘಾತಕ್ಕೂ ಅನುಗುಣ) ತ್ರಿಜ್ಯ ತಾನಾಗಿ ಬರುತ್ತದೆ: 2.9ರ ವರ್ಗಮೂಲವನ್ನು ತಾಪಗಳ ಅನುಪಾತದ ವರ್ಗದಿಂದ ಭಾಗಿಸಿದರೆ ಸೂರ್ಯನ 1.57 ಪಟ್ಟು. ಪಟ್ಟಿಯ 1.2ಕ್ಕೂ ಇದಕ್ಕೂ ಇರುವ ಅಂತರ ಸಣ್ಣದಲ್ಲ. ಘನ ಮಾಡಿ ನೋಡಿದರೆ ಗಾತ್ರ ಎರಡು ಪಟ್ಟಿಗಿಂತ ಹೆಚ್ಚಾಗುತ್ತದೆ.

ಉಳಿದದ್ದು ದ್ರವ್ಯರಾಶಿ. ದೀಪ್ತಿಯು ದ್ರವ್ಯರಾಶಿಯ 3.5ನೆಯ ಘಾತಕ್ಕೆ ಅನುಗುಣವೆಂಬ ಸೂತ್ರವನ್ನು ಬಳಸಿದರೆ 1.35 ಸೂರ್ಯರಾಶಿ (ಸೂರ್ಯನ ದ್ರವ್ಯರಾಶಿಯ 1.35 ಪಟ್ಟು) ಬಂತು. ಪ್ರಕಟಿತ ಅಂದಾಜು 1.2ರ ಆಸುಪಾಸು. ಈ ಹಂತದಲ್ಲಿ ವಿದ್ಯಾರ್ಥಿ ಮಾಡಿದ ಒಂದು ಕೆಲಸ ಇಡೀ ಯೋಜನೆಯನ್ನು ಗಟ್ಟಿಗೊಳಿಸಿತು. ಉತ್ತರ ಮೊದಲೇ ಗೊತ್ತಿರುವ ನಕ್ಷತ್ರದ ಮೇಲೆ ಇದೇ ವಿಧಾನವನ್ನು ಹೂಡಿ ನೋಡೋಣ ಎಂದು ಅವನು ಪ್ರೊಸಿಯಾನನ್ನು ತೆಗೆದುಕೊಂಡ. ಅದು 11.5 ಜ್ಯೋತಿರ್ವರ್ಷ ದೂರದ ಎಫ್5 ನಕ್ಷತ್ರ. ಶ್ವೇತಕುಬ್ಜವೊಂದು (ಇಂಧನ ಮುಗಿದ ನಕ್ಷತ್ರದ ಪುಟ್ಟ, ದಟ್ಟ ಅವಶೇಷ) ಅದರ ಜೋಡಿಯಾಗಿ ಸುತ್ತುತ್ತಿರುವುದರಿಂದ ಕಕ್ಷೆಯ ಲೆಕ್ಕದಿಂದಲೇ ದ್ರವ್ಯರಾಶಿ ಗೊತ್ತಿದೆ, ಸುಮಾರು 1.5 ಸೂರ್ಯರಾಶಿ. ತ್ರಿಜ್ಯವನ್ನೂ ನೇರವಾಗಿ ಅಳೆದಿದ್ದಾರೆ, 2.05 ಪಟ್ಟು. ದೀಪ್ತಿ 7 ಪಟ್ಟು ಮತ್ತು ತಾಪ 6,530 ಕೆಲ್ವಿನ್ ಹಾಕಿದಾಗ ಅವರ ವಿಧಾನದಿಂದ ತ್ರಿಜ್ಯ 2.07 ಬಂತು, ಅಂದರೆ ಹೆಚ್ಚುಕಡಿಮೆ ಸರಿ. ದ್ರವ್ಯರಾಶಿ 1.74 ಬಂತು, ಅಂದರೆ ಇರುವುದಕ್ಕಿಂತ ಹೆಚ್ಚು. ಬಿಭಾದಲ್ಲಿ ಆದದ್ದೂ ಇದೇ ದಿಕ್ಕಿನ ತಪ್ಪು.

ಪ್ರೊಸಿಯಾನ್ ಮುಖ್ಯ ಶ್ರೇಣಿಯನ್ನು ಬಿಟ್ಟು ಹೊರಡುವ ಹಂತದಲ್ಲಿದೆ ಎಂಬುದು ಖಗೋಳಶಾಸ್ತ್ರಜ್ಞರಿಗೆ ಹೊಸದಲ್ಲ. ಒಡಲಿನ ಹೈಡ್ರೋಜನ್ ಹೀಲಿಯಂ ಆದಂತೆ ಅಲ್ಲಿನ ಕಣಗಳ ಸಂಖ್ಯೆ ಕಡಿಮೆಯಾಗುತ್ತದೆ. ಒತ್ತಡ ಕಾಯ್ದುಕೊಳ್ಳಲು ಒಡಲು ಕುಗ್ಗಿ ಇನ್ನಷ್ಟು ಕಾಯುತ್ತದೆ. ದೀಪ್ತಿ ಏರುತ್ತದೆ, ಹೊರಪದರ ಹಿಗ್ಗುತ್ತದೆ. ಸೂರ್ಯನೂ ಹುಟ್ಟಿದಾಗ ಈಗಿನ ದೀಪ್ತಿಯ ಸುಮಾರು ಶೇಕಡ 70ರಷ್ಟೇ ಇದ್ದ. 1.2 ಸೂರ್ಯರಾಶಿಯ ನಕ್ಷತ್ರಕ್ಕೆ ಸೂತ್ರ ಕೊಡುವ ದೀಪ್ತಿ 1.9 ಪಟ್ಟು. ಬಿಭಾ ಈಗ ಸೂಸುತ್ತಿರುವುದು 2.9. ನಡುವಿನ ಈ ಅಂತರ ಅದರ ವಯಸ್ಸಿನ ಗುರುತು. ಹೀಗೆ ಮೊದಲ ಕರಡಿನಲ್ಲಿ ತೊಂದರೆಯೆಂದು ಕಂಡ ಎರಡು ಅಂಕಿಗಳಲ್ಲಿ ಒಂದು ನಕ್ಷತ್ರದ ರಾಸಾಯನಿಕ ಸಂಯೋಜನೆಯನ್ನೂ ಇನ್ನೊಂದು ಅದರ ಪ್ರಾಯವನ್ನೂ ತಿಳಿಸಿದವು.

ಫಲಿತಾಂಶ ಮತ್ತು ಅದರಿಂದ ತಿಳಿದದ್ದು

ಅಂತಿಮ ವರದಿಯಲ್ಲಿ ಬಿಭಾ ಎಫ್8 ವರ್ಗದ ಮಾದರಿ ನಕ್ಷತ್ರವಾಗಿ ಉಳಿಯಲಿಲ್ಲ. ಸೂರ್ಯನಿಗಿಂತ ತುಸು ಬಿಸಿಯಾದ, ಲೋಹ ಸಮೃದ್ಧವಾದ, ಮುಖ್ಯ ಶ್ರೇಣಿಯ ದ್ವಿತೀಯಾರ್ಧದಲ್ಲಿ ಹಿಗ್ಗುತ್ತಿರುವ ನಕ್ಷತ್ರವೆಂದು ಅವರು ಅದನ್ನು ಬಣ್ಣಿಸಿದರು. ದ್ರವ್ಯರಾಶಿಯನ್ನು ಒಂದೇ ಸಂಖ್ಯೆಯಾಗಿ ಕೊಡದೆ, 1.35 ಮೇಲಿನ ಮಿತಿಯೆಂದೂ 1.2 ಹೆಚ್ಚು ಸಂಭವನೀಯವೆಂದೂ ಕಾರಣ ಸಹಿತ ಬರೆದರು. ವಯಸ್ಸಿನ ವಿಷಯದಲ್ಲಿ ಇನ್ನೂ ಎಚ್ಚರ ವಹಿಸಿದರು. ಸುಮಾರು 1.2 ಸೂರ್ಯರಾಶಿ ಒಂದು ಗಡಿ ಪ್ರದೇಶ: ಅದರ ಆಚೆಗೆ ನಕ್ಷತ್ರದ ಒಡಲೇ ಕುದಿಯುವಂತೆ ಕಲಸಿಕೊಳ್ಳತೊಡಗಿ, ಹೊಸ ಹೈಡ್ರೋಜನ್ ಒಳಕ್ಕೆ ಸೇರಿ ಆಯುಷ್ಯದ ಲೆಕ್ಕ ಬದಲಾಗುತ್ತದೆ. ಗಡಿಯ ಮೇಲೆಯೇ ಇರುವ ನಕ್ಷತ್ರಕ್ಕೆ ಕರಾರುವಾಕ್ಕಾದ ವಯಸ್ಸು ಕೊಡುವುದು ಪದವಿ ಹಂತದ ಲೆಕ್ಕದ ಮಾತಲ್ಲ. ಮುಖ್ಯ ಶ್ರೇಣಿಯ ಒಟ್ಟು ಆಯುಷ್ಯ ಆರು ಶತಕೋಟಿ ವರ್ಷಗಳಿಗೆ ತುಸು ಮೇಲೆ ಬರುತ್ತದೆ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕಳೆದಿದೆ ಎಂದು ಹೇಳಿ ನಿಲ್ಲಿಸಿದರು.

ಮೌಖಿಕ ಪರೀಕ್ಷೆಯಲ್ಲಿ ಬಾಹ್ಯ ಪರೀಕ್ಷಕರು ಮೊದಲು ಕೇಳಿದ್ದೇ ಕೋಷ್ಟಕದ ಬಣ್ಣಗಳ ಬಗ್ಗೆ. ತಾಪ ಒಂದು ಮಾತ್ರ ಯಾಕೆ ಕೆಂಪು ಎಂದರು. ಅದನ್ನು ತಾವು ಅಳೆದಿಲ್ಲ, ತಮ್ಮ ಕ್ಯಾಮೆರಾದಿಂದ ಅಳೆಯಲಾಗದು, ಅದು 100 ಕೆಲ್ವಿನ್ ತಪ್ಪಿದ್ದರೆ ತ್ರಿಜ್ಯ ಶೇಕಡ ಮೂರರಿಂದ ನಾಲ್ಕರಷ್ಟು ಬದಲಾಗುತ್ತದೆ ಎಂದು ವಿದ್ಯಾರ್ಥಿನಿ ಉತ್ತರಿಸಿದಳು. ಚರ್ಚೆ ಅಲ್ಲಿಂದ ಲೋಹಾಂಶಕ್ಕೆ ಹೋಯಿತು, ಅಲ್ಲಿ ಆಕೆ ಸ್ವಲ್ಪ ತಡವರಿಸಿದಳು. ಗೆರೆಗಳ ಬಲದಿಂದ ಧಾತುವಿನ ಪ್ರಮಾಣವನ್ನು ಹೇಗೆ ತೆಗೆಯುತ್ತಾರೆಂಬುದು ಪಠ್ಯಕ್ರಮದಲ್ಲಿಲ್ಲ; ಇರಬೇಕು ಎಂಬುದು ನನ್ನ ವೈಯಕ್ತಿಕ ಅನಿಸಿಕೆ.

ಇಂಥ ಯೋಜನೆ ಹಮ್ಮಿಕೊಳ್ಳುವ ಇತರ ವಿಭಾಗಗಳಿಗೆ ಈ ಪ್ರಕರಣದಿಂದ ಸಿಗುವುದು ಮುಖ್ಯವಾಗಿ ಲೆಕ್ಕದ ಕ್ರಮ. ರೋಹಿತ ವರ್ಗದಿಂದ ಹೊರಟರೆ ಎಲ್ಲ ಗುಣಗಳೂ ಒಂದೇ ಏಟಿಗೆ ಸಿಕ್ಕಿಬಿಡುತ್ತವೆ, ಮತ್ತು ಅವು ಒಂದಕ್ಕೊಂದು ಹೊಂದಿಕೊಂಡೇ ಇರುವುದರಿಂದ ತಪ್ಪು ಎಲ್ಲಿಯೂ ಕಾಣುವುದಿಲ್ಲ. ದೂರದಿಂದ ಹೊರಟು ದೀಪ್ತಿ, ಆಮೇಲೆ ತಾಪ, ಅವೆರಡರಿಂದ ತ್ರಿಜ್ಯ, ಕೊನೆಗೆ ದ್ರವ್ಯರಾಶಿ ಎಂದು ಹೋದರೆ ಪ್ರತಿ ಹಂತದಲ್ಲೂ ಯಾವ ಊಹೆ ಒಳಬಂತೆಂದು ಬೆರಳಿಟ್ಟು ತೋರಿಸಬಹುದು. ಪ್ರೊಸಿಯಾನಿನಂಥ ತಾಳೆ ನೋಡುವ ನಕ್ಷತ್ರವನ್ನು ಕೊನೆಗಲ್ಲ, ಆರಂಭದಲ್ಲೇ ಇಟ್ಟುಕೊಳ್ಳುವುದು ಮೇಲು. ಅದು ಬಿಭಾಗಿಂತ ಎರಡು ಸಾವಿರ ಪಟ್ಟಿಗೂ ಹೆಚ್ಚು ಪ್ರಕಾಶವಾಗಿ ಕಾಣುವುದರಿಂದ ಅದೇ ಕ್ಯಾಮೆರಾ ಹೊಂದಿಕೆಯಲ್ಲಿ ಚಿತ್ರ ತೆಗೆದರೆ ಸಂವೇದಕ ತುಂಬಿಹೋಗುತ್ತದೆ. ಅದಕ್ಕೆ ಸೂಚಿಯ ಅಂಕಿಗಳೇ ಸಾಕು.

ಮುಂದಿನ ತಂಡದ ಯೋಜನೆ ವರ್ಷದ ಇನ್ನೊಂದು ಅರ್ಧದಲ್ಲಿ ಬಿತ್ತು. ಆಗ ಬಿಭಾ ಸಂಜೆಯ ಆಕಾಶದಲ್ಲಿರುವುದಿಲ್ಲ. ನವೆಂಬರ್ ಹೊತ್ತಿಗೆ ಉತ್ತರಕ್ಕೆ ಎತ್ತರದಲ್ಲಿ ಕಾಣುವ ಅಪ್ಸಿಲಾನ್ ಆಂಡ್ರೋಮಿಡೆಯನ್ನು ಅವರಿಗೆ ಕೊಡಲಾಗಿದೆ. ಅದು 44 ಜ್ಯೋತಿರ್ವರ್ಷ ದೂರದಲ್ಲಿದ್ದು ಬರಿಗಣ್ಣಿಗೇ ಕಾಣುತ್ತದೆ, ಹಲವು ಗ್ರಹಗಳನ್ನು ಹೊಂದಿದೆ, ಮತ್ತು ಸೂಚಿಗಳಲ್ಲಿ ಅದರ ಮುಂದೆಯೂ ಎಫ್8 ಎಂದೇ ಬರೆದಿದೆ.